ನಾಲ್ಕು ಫೋಟೋಗಳಲ್ಲಿ ಒಂದೇ ಬಳೆ

ಎಕ್ಸ್‌ರೇ ಫೋಟೋದಲ್ಲಿ ಬೆಳ್ಳಿ ಬಳೆ ಎಲುಬಿಗಿಂತಲೂ ಬಿಳುಪಾಗಿ ಕಾಣುತ್ತದೆ. ಗಾಜಿನ ಬಳೆಯೂ ಕಾಣುತ್ತದೆ, ಆದರೆ ಮಸುಕು. ಗುತ್ತಲದ ಹತ್ತಿರದ ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಓದು ನಿಲ್ಲಿಸಿದ ನನಗೆ ಇಂಥದ್ದು ಗೊತ್ತಾಗಬೇಕಾದ ಕಾರಣವೇ ಇರಲಿಲ್ಲ. ಆದರೆ ಗೊತ್ತಾಯಿತು. ಅದರಿಂದ ನಾಲ್ಕು ಹೆಣ್ಣುಮಕ್ಕಳ ಮಾನ ಉಳಿಯಿತು ಎಂದು ಹೇಳಿಕೊಳ್ಳಲು ಈ ವಯಸ್ಸಿನಲ್ಲಿ ನನಗೆ ಸಂಕೋಚವಿಲ್ಲ.

ಮೊನ್ನೆ ನಿಮ್ಮಲ್ಲಿ ದೊಡ್ಡವಳು ನನ್ನ ಟ್ರಂಕಿನಲ್ಲಿದ್ದ ಕಂದು ಲಕೋಟೆಯಿಂದ ನನ್ನ ಬೆಳ್ಳಿ ಬಳೆಯನ್ನು ತೆಗೆದು, ಅಜ್ಜಿ, ಇದರ ತಿರುಪು ಯಾಕ ಸೊಟ್ಟ ಐತಿ ಎಂದು ಕೇಳಿದಳು. ಆಗ ನಾನು ಏನೋ ಒಂದು ಹೇಳಿ ಸುಮ್ಮನಾದೆ. ನಾಲ್ಕು ಜನ ಸುತ್ತ ಕುಳಿತರೆ ನನ್ನ ಮಾತು ಗಂಟಲಿನಿಂದ ಮೇಲೆ ಬರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಕಾಗದದ ಮುಂದೆ ಅಷ್ಟು ನಾಚಿಕೆಯಾಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಜ್ವರ ಬಂದು ಹದಿನೈದೇ ದಿನಕ್ಕೆ ಹೋದರು. ನಿಮ್ಮ ಅಪ್ಪ ಆಗ ಎರಡನೆಯ ಇಯತ್ತೆ, ನಿಮ್ಮ ಅತ್ತೆ ಇನ್ನೂ ಅಂಬೆಗಾಲು. ಅವರ ಜ್ವರ ನೋಡಿದ ಡಾಕ್ಟರೇ ಆರು ತಿಂಗಳ ಮೇಲೆ ಹೇಳಿಕಳಿಸಿ, ತಮ್ಮ ಎಕ್ಸ್‌ರೇ ಆಸ್ಪತ್ರೆಯಲ್ಲಿ ಕೆಲಸ ಕೊಟ್ಟರು. ಸ್ಟೇಷನ್ ರಸ್ತೆಯಲ್ಲಿ ಮೂರು ಕೋಣೆಯ ಆಸ್ಪತ್ರೆ. ಒಂದರಲ್ಲಿ ಯಂತ್ರ, ಒಂದು ಕತ್ತಲಕೋಣೆ, ಒಂದು ಡಾಕ್ಟರದು, ಹೊರಗೆ ಬೆಂಚು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಸ ಹೊಡೆಯುವುದು, ತೊಳೆದ ಫೋಟೋಗಳನ್ನು ಬಟ್ಟೆ ಒಣಹಾಕಿದ ಹಾಗೆ ತಂತಿಗೆ ಸಿಕ್ಕಿಸುವುದು, ಒಣಗಿದ ಮೇಲೆ ಲಕೋಟೆಗೆ ಹಾಕಿ ಹೆಸರು ಬರೆಯುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಅದನ್ನು ನೋಡಿ ಡಾಕ್ಟರು ಒಂದು ದಿನ ವಿಮೆಯ ಕಾಗದಗಳನ್ನೂ ನನ್ನ ಕೈಗೆ ಕೊಟ್ಟರು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು ತಮ್ಮಲ್ಲಿ ದುಡಿಯುವ ಹಮಾಲರಿಗೂ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೂ ಒಟ್ಟಿಗೆ ಅಪಘಾತದ ವಿಮೆ ಮಾಡಿಸಿದ್ದರು. ಕೆಲಸದಲ್ಲಿ ಬಿದ್ದು ಕೈಕಾಲು ಮುರಿದರೆ ಎಕ್ಸ್‌ರೇ ಖರ್ಚು ವಿಮೆಯವರು ಕೊಡಬೇಕು, ಕೈ ಕೂಡುವವರೆಗೆ ವಾರವಾರ ಒಂದಿಷ್ಟು ಪರಿಹಾರವನ್ನೂ ಕೊಡಬೇಕು. ಅದಕ್ಕೆ ಫಾರ್ಮು, ಡಾಕ್ಟರ ಚೀಟಿ, ಬಿಲ್ಲು, ರೆವಿನ್ಯೂ ಟಿಕೇಟು ಹಚ್ಚಿದ ರಸೀದಿ, ಜೊತೆಗೆ ಎಕ್ಸ್‌ರೇ ಫೋಟೋ, ಎಲ್ಲವನ್ನೂ ದಾರದಲ್ಲಿ ಪೋಣಿಸಿ ಹಾವೇರಿಯ ವಿಮೆ ಕಚೇರಿಗೆ ಕಳಿಸಬೇಕಿತ್ತು. ನಾವು ಅದನ್ನು ಕಟ್ಟು ಎನ್ನುತ್ತಿದ್ದೆವು.

ಕಟ್ಟು ತಿರುಗಿ ಬರಲು ಬಹಳ ಕಾರಣ ಬೇಕಿರಲಿಲ್ಲ. ಮೊದಲ ವರ್ಷ ಒಂದು ಬಂತು: ಬಿಲ್ಲಿನಲ್ಲಿ ಎಡಗಾಲು, ಫೋಟೋ ನೋಡಿದರೆ ಬಲಗಾಲು. ಯಾರೋ ಅವಸರದಲ್ಲಿ ಬೇರೆ ಬರೆದಿದ್ದರು. ಅಂದಿನಿಂದ ಫೋಟೋದ ಮೂಲೆಯಲ್ಲಿ ಸೀಸದಿಂದ ಮೂಡುವ ಎಡ ಬಲದ ಇಂಗ್ಲಿಷ್ ಅಕ್ಷರಗಳನ್ನು ಕಲಿತೆ. ಎಲ್ ಮತ್ತು ಆರ್, ನಾನು ಕಲಿತ ಮೊದಲ ಇಂಗ್ಲಿಷು ಅವೆರಡೇ. ಅಮಾವಾಸ್ಯೆಯ ದಿನ ಬಿದ್ದವರು ಬಿಲ್ಲಿಗೆ ಮರುದಿನದ ತಾರೀಖು ಹಾಕಿರಿ, ಅಮಾಸಿ ಬ್ಯಾಡ ಎಂದು ಗೋಗರೆಯುತ್ತಿದ್ದರು. ನಾನು ಹಾಕುತ್ತಿರಲಿಲ್ಲ. ತಾರೀಖು ಒಂದು ದಿನ ಆಚೀಚೆಯಾದರೂ ಹಾವೇರಿಯಿಂದ ಕಟ್ಟು ತಿರುಗಿ ಬರುತ್ತದೆಂದು ಮೆಲ್ಲಗೆ ಹೇಳಿ ನೆಲ ನೋಡುತ್ತ ನಿಲ್ಲುತ್ತಿದ್ದೆ. ಆಮೇಲೆ ಎರಡು ವರ್ಷ ನಾನು ಕಟ್ಟಿದ ಒಂದು ಕಟ್ಟೂ ತಿರುಗಿ ಬರಲಿಲ್ಲ. ಯಾರಿಗೂ ಹೇಳದಿದ್ದರೂ ನನ್ನೊಳಗೆ ಅದರ ಹೆಮ್ಮೆ ಇತ್ತು.

ಇನ್ನು ಬಳೆಯ ವಿಷಯ.

ಮುಂಗೈ ಮುರಿದ ಹೆಂಗಸರು ಬಂದರೆ ನಮ್ಮಲ್ಲಿ ಮೊದಲು ಬಳೆಯ ಜಗಳವೇ ಆಗುತ್ತಿತ್ತು. ಬಾತ ಕೈಯಲ್ಲಿ ಹನ್ನೆರಡು ಗಾಜಿನ ಬಳೆ ಇದ್ದರೆ ಅವುಗಳ ನೆರಳು ಬಿದ್ದು ಬಿರುಕು ಕಾಣುವುದಿಲ್ಲ. ಅವುಗಳನ್ನು ತೆಗೆಯಬೇಕು, ಇಲ್ಲವೇ ಒಡೆಯಬೇಕು. ಮುತ್ತೈದೆಯ ಕೈ ಒಂದು ಗಳಿಗೆಯಾದರೂ ಬರಿದಾಗಿ ಇರಬಾರದು ಎಂಬುದು ಅವರ ಭಯ. ಯಂತ್ರ ನಡೆಸುತ್ತಿದ್ದವರು ಒಬ್ಬ ಮುಸಲ್ಮಾನ ಅಣ್ಣ, ನನಗಿಂತ ಹತ್ತು ವರ್ಷ ಹಿರಿಯರು, ಬಾಯಿ ತುಂಬ ಮಾತು. ಬರಿಗೈಲೆ ಕಂಡ್ರ ನಮ್ಮ ಅಮ್ಮೀನೂ ಬೈತಿದ್ಲವಾ, ಇದಕ್ಕ ಜಾತಿ ಇಲ್ಲ ಎಂದು ಅವರು ಅಂಥವರನ್ನು ಸಮಾಧಾನ ಮಾಡುತ್ತಿದ್ದರು.

ಒಂದು ದಿನ ಕಾಗಿನೆಲೆ ಕಡೆಯ ಸೊಸೆಯೊಬ್ಬಳನ್ನು ಕರೆತಂದರು. ನಾನು ಸೋಪು ಹಚ್ಚಿ ಬಳೆ ಜಾರಿಸಲು ಹತ್ತಿರ ಹೋದೆ. ಅವಳ ಅತ್ತೆ ನನ್ನ ಬರಿಗೈ ನೋಡಿ ನಡುವೆ ಬಂದು ನಿಂತರು.

“ನೀ ದೂರ ಸರಿಯವ್ವ. ನಿನ್ನ ಕೈಲೆ ನನ್ನ ಸೊಸಿ ಬಳಿ ತೆಗಸೂದು ಬ್ಯಾಡ.”

ಅವರು ಎಕ್ಸ್‌ರೇ ತೆಗೆಸದೆಯೇ ಹೋಗಿ ಎಲ್ಲೋ ನಾಟಿ ವೈದ್ಯರ ಹತ್ತಿರ ಪಟ್ಟು ಹಾಕಿಸಿದರು. ಮುಂದೆ ಬಸ್‌ಸ್ಟ್ಯಾಂಡಿನಲ್ಲಿ ಆ ಸೊಸೆಯನ್ನು ಕಂಡೆ. ಮುಂಗೈ ಸೊಟ್ಟಗೆ ಕೂಡಿತ್ತು, ಚೀಲವನ್ನು ಎಡಗೈಯಲ್ಲಿ ಹಿಡಿದಿದ್ದಳು. ಆ ದಿನ ಮನೆಗೆ ಬಂದು ಟ್ರಂಕು ತೆಗೆದೆ.

ಒಳಗೆ ನನ್ನ ಬೆಳ್ಳಿ ಬಳೆ ಇತ್ತು. ನಿಮ್ಮ ಅಪ್ಪ ಹುಟ್ಟಿದಾಗ ನಿಮ್ಮ ಅಜ್ಜ ಮಾಡಿಸಿದ್ದು. ತಿರುಪು ಬಿಚ್ಚಿದರೆ ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಎಷ್ಟೇ ಬಾತ ಕೈಯಾದರೂ ನೋಯಿಸದೆ ಮೊಣಕೈ ಹತ್ತಿರ ತೊಡಿಸಬಹುದು. ಬಾವಿಯ ಗಾಲಿಗೆ ಸಿಕ್ಕು ಅದರ ತಿರುಪು ಒಂದು ಕಡೆ ಬಾಗಿತ್ತು. ನಿಮ್ಮ ಅಜ್ಜ ಹೋದ ಮೇಲೆ ನನ್ನ ಕೈಯ ಗಾಜಿನವನ್ನು ಒಡೆದರು, ಇದನ್ನು ಬಿಚ್ಚಿ ನನ್ನ ಮಡಿಲಿಗೆ ಹಾಕಿದರು. ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಆಸ್ಪತ್ರೆಗೆ ಒಯ್ದು ಸ್ಟೀಲಿನ ತಟ್ಟೆಯಲ್ಲಿಟ್ಟೆ. ಗಾಜಿನ ಬಳೆ ತೆಗೆಯುವ ಮೊದಲು ಇದನ್ನು ಮೊಣಕೈ ಹತ್ತಿರ ಹಾಕಿಕೊಳ್ಳಿರಿ, ಕೈ ಬರಿದಾಗುವುದಿಲ್ಲ ಎನ್ನುತ್ತಿದ್ದೆ. ನಾನು ಮುಟ್ಟಿ ತೊಡಿಸುತ್ತಿರಲಿಲ್ಲ. ತಟ್ಟೆ ಹಿಡಿಯುತ್ತಿದ್ದೆ, ಜೊತೆಗೆ ಬಂದವರು ತೊಡಿಸುತ್ತಿದ್ದರು.

ಜಗಳ ನಿಂತಿತು. ಡಾಕ್ಟರ ಹೆಂಡತಿ ಕೊಟ್ಟ ಬಳೆ ಎಂದು ಎಲ್ಲರೂ ತಿಳಿದರು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಗಂಡ ಸತ್ತವಳ ಬಳೆ ಎಂದು ಗೊತ್ತಾದರೆ ಯಾರು ತೊಡುತ್ತಾರೆ?

ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಒಂದು ವರ್ಷ ಬ್ಯಾಡಗಿಯಿಂದ ನಾಲ್ವರು ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದರು. ನಾಲ್ವರದೂ ಬಲಗೈ. ಕೊನೆಯವಳು ಕೋಲ್ಡ್ ಸ್ಟೋರೇಜಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದವಳು, ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೀರೆಯಿಂದ ಮೆಣಸಿನ ಘಾಟು ಬಂದು ಡಾಕ್ಟರಿಗೆ ಸೀನು ಬಂತು. ನಮ್ಮ ಅತ್ತರು ಹೆಂಗೈತಿರಿ ಎಂದು ನೋವಿನಲ್ಲೂ ಅವರನ್ನೇ ಚೇಷ್ಟೆ ಮಾಡಿದಳು. ನಾಲ್ಕು ಕಟ್ಟುಗಳನ್ನೂ ನಾನೇ ಕಟ್ಟಿ ಕಳಿಸಿದೆ.

ನಾಲ್ಕೂ ಒಂದೇ ದಿನ ತಿರುಗಿ ಬಂದವು, ರಜಿಸ್ಟರ್ ಟಪಾಲಿನಲ್ಲಿ. ಡಾಕ್ಟರು ಇಂಗ್ಲಿಷ್ ಪತ್ರವನ್ನು ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು ಆಮೇಲೆ ನಮಗೆ ತಿಳಿಸಿದರು. ನಾಲ್ಕು ಫೋಟೋಗಳಲ್ಲಿಯೂ ಮೊಣಕೈ ಹತ್ತಿರ ಒಂದೇ ಬಳೆ ಇದೆ, ಸೊಟ್ಟ ತಿರುಪಿನದು. ಆದ್ದರಿಂದ ಇವು ಒಬ್ಬಳದೇ ಕೈಯ ಫೋಟೋಗಳು, ನಂಬರು ಬದಲಿಸಿ ನಾಲ್ಕು ಹೆಸರಿಗೆ ಕ್ಲೇಮು ಮಾಡಲಾಗಿದೆ. ನಾಲ್ಕನ್ನೂ ತಿರಸ್ಕರಿಸಿದ್ದೇವೆ. ಹೇಳುವುದೇನಾದರೂ ಇದ್ದರೆ ಆಸ್ಪತ್ರೆಯವರು ಪುರಾವೆ ಸಮೇತ, ಕ್ಲೇಮು ಹಾಕಿದವರಲ್ಲಿ ಒಬ್ಬರನ್ನು ಕರೆದುಕೊಂಡು ಹಾವೇರಿಗೆ ಬರಬೇಕು.

ಯಂತ್ರದ ಅಣ್ಣ ಫೋಟೋಗಳನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಬಳಿ ಏನೋ ಒಂದ ಐತಿ ಖರೇ, ಕೈ ನಾಲ್ಕಲ್ಲೇನ್ರಿ ಎಂದರು. ಡಾಕ್ಟರು ನಗಲಿಲ್ಲ. ಆ ಬಳೆ ಯಾರದು ಎಂದು ಕೇಳಿದರು. ತಮ್ಮ ಹೆಂಡತಿಯದಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಾನು ತಂತಿಯ ಮೇಲಿನ ಫೋಟೋಗಳನ್ನು ಸರಿಮಾಡುವವಳ ಹಾಗೆ ಕತ್ತಲಕೋಣೆಗೆ ಹೋಗಿಬಿಟ್ಟೆ. ಅಂದು ನಾನು ಹೇಡಿಯಾಗಿದ್ದೆ, ಅದನ್ನೂ ಬರೆಯಬೇಕು.

ಎರಡು ದಿನದ ಮೇಲೆ ಆ ಘಾಟಿನ ಸೀರೆಯವಳು ಬಂದು ಬೆಂಚಿನ ಮೇಲೆ ಕುಳಿತಳು. ಪ್ಲಾಸ್ಟರಿನ ಕೈ ಕೊರಳಿಗೆ ತೂಗುಹಾಕಿತ್ತು. ಈ ಸಲ ಚೇಷ್ಟೆಯಿರಲಿಲ್ಲ. ಪತ್ರದ ಸುದ್ದಿ ಬ್ಯಾಡಗಿಗೆ ಮುಟ್ಟಿತ್ತು. ಕೈ ಕೂಡಿದ ಮೇಲೂ ಕೆಲಸಕ್ಕೆ ಬರಬೇಡ ಎಂದು ಮೇಸ್ತ್ರಿ ಹೇಳಿದ್ದ. ಸುಳ್ಳು ಮುರಿತ ತೋರಿಸಿದವಳನ್ನು ಇಟ್ಟುಕೊಂಡರೆ ಎಲ್ಲರ ವಿಮೆಯೂ ಹೋಗುತ್ತದೆ ಎಂದು ವ್ಯಾಪಾರಸ್ಥರು ಅಂದರಂತೆ. ಹದಿನಾಲ್ಕು ವರ್ಷದಿಂದ ಅವಳು ಅದೇ ಜಾಗದಲ್ಲಿ ಕುಳಿತು ತೊಟ್ಟು ಬಿಡಿಸಿದವಳು.

“ಕೈ ಮುರದದ್ದು ಸಹಿಸ್ಕೊಂಡೆರಿ ಅಕ್ಕಾರ. ನನ್ನ ಜಾಗಾದಾಗ ಬ್ಯಾರೇದಾಕಿ ಬಂದು ಕುಂತಾಳ, ಅದನ್ನ ನೋಡಾಕ ಆಗವಲ್ದು.”

ನನಗೆ ಅಕ್ಕಾರ ಎಂದಳು, ಪಾಪ. ಅವಳ ಜಾಗ ಹೋಗಿದ್ದು ನನ್ನ ಬಳೆಯಿಂದ, ಅದಕ್ಕಿಂತ ನನ್ನ ಬಾಯಿ ಮುಚ್ಚಿದ್ದರಿಂದ. ಅವಳಿಗೆ ನೀರು ಕೊಟ್ಟು ನೇರವಾಗಿ ಡಾಕ್ಟರ ಕೋಣೆಗೆ ಹೋದೆ. ಬಳೆ ನನ್ನದು ಎಂದೆ. ಅವರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ. ಹಾವೇರಿಗೆ ನೀವೇ ಹೋಗಬೇಕು ಎಂದರು. ನೀವು ಹೋಗ್ರಿ ಸಾಹೇಬರ, ನಾನು ಕಾಗದದ ಮೇಲೆ ಬರೆದುಕೊಡುತ್ತೇನೆ ಎಂದು ಬೇಡಿಕೊಂಡೆ.

“ನಾ ಹೇಳಿದ್ರ ಅದು ನನ್ನ ಆಸ್ಪತ್ರಿ ಉಳಿಸ್ಕೊಳ್ಳೋ ಮಾತಾಕ್ಕೇತಿ. ಬಳಿ ಯಾರದೋ ಅವರ ಹೇಳಬೇಕು. ಕಟ್ಟು ಕಟ್ಟಿದವ್ರೂ ನೀವ ಅದೀರಿ.”

ಹೋಗುವ ಮೊದಲು ಎರಡು ಸಂಜೆ ನಾನು ಆ ನಾಲ್ಕು ಫೋಟೋಗಳನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡುತ್ತ ಕುಳಿತೆ. ನೂರಾರು ಕೈಗಳನ್ನು ತಂತಿಗೆ ಸಿಕ್ಕಿಸಿದವಳು ನಾನು. ಮುಖ ನೋಡಿದರೆ ನನಗೆ ಹೆಸರು ನೆನಪಾಗುವುದಿಲ್ಲ, ಆದರೆ ಎಲುಬು ನೋಡಿದರೆ ಯಾರದೆಂದು ಹೇಳುತ್ತಿದ್ದೆ. ಒಬ್ಬಳದು ಸಣ್ಣ ನೀಳ ಎಲುಬು. ಒಬ್ಬಳದು ಮೋಟು, ದಪ್ಪ. ವಯಸ್ಸಾದ ಮೂರನೆಯವಳದು ಅಂಚಿನಲ್ಲಿ ತೆಳುವಾಗಿ ಬೆಳಕು ಬಿಡುತ್ತಿತ್ತು. ಇದನ್ನು ಓದಿದವರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತ ಒಂದು ಫೋಟೋವನ್ನು ಇನ್ನೊಂದರ ಮೇಲಿಟ್ಟೆ. ಆಗ ದಾರಿ ಸಿಕ್ಕಿತು.

ಹಾವೇರಿಯ ಕಚೇರಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬ್ಯಾಡಗಿಯವಳು ಮೋಟೆಬೆನ್ನೂರಿನಲ್ಲಿ ನನ್ನ ಬಸ್ಸು ಹತ್ತಿದ್ದಳು. ಇಡೀ ದಾರಿ ಅವಳಿಗೆ ವಿಷಯ ತಿಳಿಸಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಹಾಗೆಯೇ ಮೆಟ್ಟಿಲು ಹತ್ತಿದೆವು. ಮೇಜಿನ ಆಚೆ ವಿಮೆ ಕಚೇರಿಯ ಡಾಕ್ಟರು ಕುಳಿತಿದ್ದರು, ಬಿಳಿ ಮೀಸೆಯ ಹಿರಿಯರು. ನಿಮ್ಮ ಡಾಕ್ಟರೆಲ್ಲಿ ಎಂದು ಕೇಳಿದರು. ಬಂದಿಲ್ಲ, ನನ್ನನ್ನು ಕಳಿಸಿದ್ದಾರೆ ಎಂದೆ. ಅವರ ಮುಖದಲ್ಲಿ ಬೇಸರ ಕಂಡಿತು. ನಾನು ಮಾತಾಡುವ ಬದಲು ಸೆರಗಿನ ಗಂಟು ಬಿಚ್ಚಿ ಬಳೆಯನ್ನು ಮೇಜಿನ ಮೇಲಿಟ್ಟೆ.

ಅವರು ಒಂದು ಫೋಟೋ ತೆಗೆದು, ಅದರ ಬಿಳಿ ನೆರಳಿನ ಪಕ್ಕ ಬಳೆ ಹಿಡಿದು ನೋಡಿದರು. ತಿರುಪಿನ ಸೊಟ್ಟು ಸರಿಯಾಗಿ ಹೊಂದಿತು. ಈ ಬಳೆ ಆ ನಾಲ್ವರಲ್ಲಿ ಯಾರದು ಎಂದು ಕೇಳಿದರು.

“ಯಾರದೂ ಅಲ್ಲರಿ. ನಂದು. ನಮ್ಮ ಯಜಮಾನ್ರು ಇದ್ದಾಗ ಹಾಕ್ಕೊಂತಿದ್ನಿ.”

ಪಕ್ಕದಲ್ಲಿದ್ದವಳ ಎಡಗೈ ಬಳೆ ಸದ್ದು ಮಾಡಿದ್ದು ನನಗೆ ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗಾಜಿನ ಬಳೆ ತೆಗೆಯಲು ಹೆಣ್ಣುಮಕ್ಕಳು ಒಪ್ಪದಿದ್ದದ್ದು, ಸೊಟ್ಟ ಕೈಯ ಸೊಸೆ, ಸ್ಟೀಲಿನ ತಟ್ಟೆ ಎಲ್ಲವನ್ನೂ ಮೇಜಿನ ಅಂಚು ನೋಡುತ್ತ ಹೇಳಿದೆ. ಅವರು ಪೂರ್ತಿ ಕೇಳಿದರು. ಆದರೆ ಬಳೆ ನಿಮ್ಮದೆಂದರೆ ಕೈಯೂ ಬೇರೆಬೇರೆ ಎಂದು ನಾನು ಹೇಗೆ ನಂಬಲಿ ಎಂದರು. ನ್ಯಾಯದ ಮಾತೇ.

ಆಗ ನಾನು ತಲೆ ಎತ್ತಿದೆ.

“ಸಾಹೇಬರ, ನೀವು ಬಳಿ ನೋಡೀರಿ, ಎಲುಬು ನೋಡಿಲ್ಲ. ಒಂದರ ಮ್ಯಾಲ ಒಂದು ಇಟ್ಟು ಬೆಳಕಿಗೆ ಹಿಡೀರಿ. ಬಳಿ ಕೂಡ್ತಾವು, ಎಲುಬು ಕೂಡಂಗಿಲ್ಲ.”

ಡಾಕ್ಟರು ಎದ್ದು ಕಿಟಕಿಯ ಹತ್ತಿರ ಹೋದರು. ಎರಡು ಫೋಟೋ ಜೋಡಿಸಿ ಹಿಡಿದರು. ಬಳೆಯ ಮೇಲೆ ಬಳೆ ಕುಳಿತಿತು. ಕೆಳಗೆ ಒಂದು ಕೈಯ ಎಲುಬು ಇನ್ನೊಂದನ್ನು ದಾಟಿ ಎರಡು ಬೆರಳಷ್ಟು ಮುಂದೆ ಹೋಗಿತ್ತು. ಮೂರನೆಯದನ್ನು ಇಟ್ಟರು, ನಾಲ್ಕನೆಯದನ್ನು ಇಟ್ಟರು. ಕೆಳಗೆ ಅಂಗಡಿಯಲ್ಲಿ ಬಟ್ಟೆ ಹರಿಯುವ ಸದ್ದು ಕೇಳುತ್ತಿತ್ತು. ತಿರುಗಿ ಬಂದು, ನೀವು ಎಷ್ಟು ಓದಿದ್ದೀರಿ ಎಂದು ಕೇಳಿದರು. ಹೇಳಿದೆ. ಅವರು ಇನ್ನೇನೂ ಕೇಳದೆ ನಾಲ್ಕು ಕಟ್ಟುಗಳ ಮೇಲೂ ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದರು. ವ್ಯಾಪಾರಸ್ಥರಿಗೂ ಒಂದು ಪತ್ರ ಕಳಿಸುತ್ತೇನೆ, ಈ ಹೆಣ್ಣುಮಕ್ಕಳ ತಪ್ಪು ಏನೂ ಇಲ್ಲವೆಂದು ಬರೆಯುತ್ತೇನೆ ಎಂದರು. ನಾವು ಹೊರಡುವಾಗ ಬಳೆಯನ್ನು ತಾವೇ ಎತ್ತಿ ಎರಡೂ ಕೈಯಿಂದ ನನಗೆ ಕೊಟ್ಟರು.

ಬಸ್ಸಿನಲ್ಲಿ ಬ್ಯಾಡಗಿಯವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಎಡಗೈಯಲ್ಲಿ ಹೊಸ ಹಸಿರು ಬಳೆ ತುಂಬಿಕೊಂಡಿದ್ದಳು. ತಪ್ಪಾಯಿತು ತಂಗಿ, ಮೊದಲೇ ಹೇಳಬೇಕಿತ್ತು ಎಂದೆ. ಅವಳು ಸೆರಗು ಸರಿಮಾಡಿಕೊಂಡು ಮತ್ತೆ ಹೊರಗೆ ನೋಡಿದಳು. ಅವಳಿಗೆ ಜಾಗ ತಿರುಗಿ ಸಿಗುತ್ತದೆ ಎಂಬ ಸಂತೋಷ ನನಗಿತ್ತು, ಆದರೆ ಇನ್ನು ಅವಳು ನನ್ನನ್ನು ಅಕ್ಕಾರ ಎನ್ನಲಾರಳು ಅನಿಸಿತು. ಮೋಟೆಬೆನ್ನೂರು ಬಂತು. ಅವಳು ಎದ್ದು ನಿಂತು, ಇಳಿಯುವ ಮೊದಲು ನನ್ನ ಕಡೆ ಬಗ್ಗಿದಳು.

“ಆ ಬಳಿ ಹಾಕ್ಕೊಂಡು ತಿಂಗಳ ಮ್ಯಾಲಾತು. ನನ್ನ ಗಂಡ ದಿನಾ ಎರಡು ರೊಟ್ಟಿ ಜಾಸ್ತೀನ ತಿನ್ನಾಕತ್ಯಾನ. ಅವಂಗ ಏನಾಗ್ತದರಿ, ಒಂದ ಕೈಲೆ ರೊಟ್ಟಿ ಬಡಿಯೋದು ನನಗ ಕಷ್ಟ ಆಗೇತಿ ಅಷ್ಟ.”

ಅವಳು ಇಳಿದುಹೋದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ರಾಣೆಬೆನ್ನೂರಿನವರೆಗೂ ನಕ್ಕೆ. ಪಕ್ಕದವರು ಅಳುತ್ತಿದ್ದೇನೆಂದು ತಿಳಿದಿರಬೇಕು, ಕುಡಿಯಲು ನೀರು ಕೊಟ್ಟರು.

ಎಲ್ಲರೂ ಅವಳ ಹಾಗಿರಲಿಲ್ಲ. ಆ ನಾಲ್ವರಲ್ಲಿ ಒಬ್ಬಳ ತಾಯಿ ಬಂದು ಬಾಗಿಲಲ್ಲೇ ನಿಂತು ನನಗೆ ಬೇಕಾದಷ್ಟು ಅಂದು ಹೋದಳು. ನಾನು ಕೇಳಿಸಿಕೊಂಡೆ, ಅವಳಿಗೆ ಅನ್ನುವ ಹಕ್ಕಿತ್ತು. ಡಾಕ್ಟರ ಹೆಂಡತಿ ತಿರುಪಿನದೇ ಒಂದು ಹೊಸ ಬೆಳ್ಳಿ ಬಳೆ ಮಾಡಿಸಿ ಕೊಟ್ಟರು. ಅಂದಿನಿಂದ ತಟ್ಟೆಯಲ್ಲಿ ಎರಡು ಬಳೆ. ಇದು ಹೊಸದು, ಇದು ನನ್ನದು ಎಂದು ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಹೇಳುತ್ತಿದ್ದೆ. ಬಹಳ ಮಂದಿ ಹೊಸದನ್ನೇ ಎತ್ತಿಕೊಂಡರು.

ಕಟ್ಟಿನಲ್ಲಿಯೂ ಒಂದು ಕಾಗದ ಹೆಚ್ಚಾಯಿತು. “ಫೋಟೋದಲ್ಲಿ ಕಾಣುವ ಬೆಳ್ಳಿ ಬಳೆ ಆಸ್ಪತ್ರೆಯಲ್ಲಿ ಇಟ್ಟದ್ದು, ನನ್ನ ಎದುರಿಗೆ ತೊಡಿಸಿದ್ದು” ಎಂದು ಕನ್ನಡದಲ್ಲಿ ಬರೆದು ಕೆಳಗೆ ನನ್ನ ಸಹಿ ಹಾಕುತ್ತಿದ್ದೆ. ಹಾವೇರಿಯವರು ಅದನ್ನು ಒಪ್ಪಿದರು. ಒಮ್ಮೆ ನಾನು ಸಹಿ ಮರೆತಾಗ, ಆ ಅಕ್ಕನವರ ಸಹಿ ಇಲ್ಲ ಎಂಬ ಚೀಟಿಯ ಜೊತೆ ಕಟ್ಟು ತಿರುಗಿ ಬಂತು. ಯಂತ್ರದ ಅಣ್ಣ ಆ ಚೀಟಿಯನ್ನು ಕತ್ತಲಕೋಣೆಯ ಬಾಗಿಲಿಗೆ ಅಂಟಿಸಿ, ದೊಡ್ಡ ಸಾಹೇಬ್ರಾದ್ರಿ ಎಂದು ದಿನವೂ ನನಗೆ ಸಲಾಮು ಹೊಡೆಯುತ್ತಿದ್ದರು. ಬೇಡವೆನ್ನುತ್ತಿದ್ದೆ. ಆದರೆ ಚೀಟಿಯನ್ನು ಕೀಳಲಿಲ್ಲ.

ಹಾವೇರಿಯಿಂದ ಬಂದು ಎರಡು ವಾರಕ್ಕೆ ಬ್ಯಾಡಗಿಯವಳ ಪ್ಲಾಸ್ಟರು ಬಿಚ್ಚಿದರು. ಕೆಲಸಕ್ಕೆ ಕೈ ಸರಿಯಾಗಿದೆ ಎಂದು ತೋರಿಸಲು ಕೊನೆಯ ಫೋಟೋ ಬೇಕಿತ್ತು. ಮೇಸ್ತ್ರಿ ಅವಳ ಜಾಗ ಖಾಲಿ ಮಾಡಿಸಿ ಇಟ್ಟಿದ್ದಾನೆ ಎಂದು ಬರುತ್ತಲೇ ಬೆಂಚಿನವರಿಗೆಲ್ಲ ಕೇಳುವಂತೆ ಹೇಳಿದಳು. ನಾನು ಎರಡು ಬಳೆಯ ತಟ್ಟೆಯನ್ನು ಮುಂದೆ ಹಿಡಿದೆ. ಹೊಸದು ಥಳಥಳ ಹೊಳೆಯುತ್ತಿತ್ತು. ಅವಳು ಅದನ್ನು ನೋಡಲೂ ಇಲ್ಲ. ನನ್ನದನ್ನು ಎತ್ತಿ ಕೂಡಿದ ಕೈಗೆ ಇಟ್ಟುಕೊಂಡು, ತಿರುಪು ತಿರುಗಿಸು ಎಂಬಂತೆ ಆ ಕೈಯನ್ನು ನನ್ನ ಮುಂದೆ ಚಾಚಿದಳು.

ಅಲ್ಲಿಯವರೆಗೆ ನಾನು ಯಾರಿಗೂ ಮುಟ್ಟಿ ತೊಡಿಸಿರಲಿಲ್ಲ. ಸೊಟ್ಟ ತಿರುಪು, ಮೊದಲ ಸುತ್ತಿಗೆ ಕೂಡಲಿಲ್ಲ. ಎರಡನೆಯ ಸುತ್ತಿಗೆ ಕೂಡಿತು.